ಬೀಗ ಭದ್ರವಾದರೆ ಸಾಲದು

ಡಿಜಿಲಾಕರ್ ಮೂಲಕ ನೀಡುವ ಪದವಿ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಅಧಿಕೃತ ದಾಖಲೆಗಳೆಂದು ಒಪ್ಪಿಕೊಳ್ಳುವಂತೆ ಯುಜಿಸಿ 2022ರಲ್ಲೇ ಶಿಕ್ಷಣ ಸಂಸ್ಥೆಗಳಿಗೆ ಸೂಚಿಸಿದೆ. ನಕಲಿ ಅಂಕಪಟ್ಟಿ ದಂಧೆಗೆ ಕಡಿವಾಣ ಹಾಕಲು ಇದು ಸರಿಯಾದ ದಾರಿ. ಆದರೆ ದಾಖಲೆಯನ್ನು ಯಾರೂ ತಿದ್ದಿಲ್ಲ ಎಂಬುದಕ್ಕಷ್ಟೇ ಡಿಜಿಟಲ್ ಸಹಿ ಖಾತರಿ. ಅದರಲ್ಲಿರುವ ವಿವರ ಸರಿ ಎಂಬುದಕ್ಕಲ್ಲ. ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿಯಾಗಿದ್ದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದರೆ ಎರಡೂ ತಾಳೆಯಾಗದೆ, ಅರ್ಹ ಅಭ್ಯರ್ಥಿಯೇ ಅನುಮಾನಕ್ಕೆ ಗುರಿಯಾಗಬೇಕಾಗುತ್ತದೆ.

ಇಂಥ ಲೋಪ ಸರಿಪಡಿಸುವ ಹೊಣೆ ದಾಖಲೆ ನೀಡಿದ ಸಂಸ್ಥೆಯದೇ ಹೊರತು ವಿದ್ಯಾರ್ಥಿಯದಲ್ಲ. ತಿದ್ದುಪಡಿಗೆ ಕಾಲಮಿತಿ ಗೊತ್ತುಪಡಿಸಬೇಕು. ಅದು ಮುಗಿಯುವವರೆಗೆ ಕಾಗದದ ಮೂಲಪ್ರತಿಯನ್ನು ಯಾವ ಕಚೇರಿಯೂ ನಿರಾಕರಿಸಕೂಡದು. ನಂಬಿಕೆ ಹುಟ್ಟುವುದು ತಂತ್ರಾಂಶದಿಂದಲ್ಲ, ಉತ್ತರದಾಯಿತ್ವದಿಂದ.