ಬೂಸ್ಟಿಗಿಂತ ಮೊದಲು ಇಂಧನ
ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಬ್ಬಿನ ಸೀಮೆಯಲ್ಲಿ ಟರ್ಬೊ ಕಾರಿನ ಶಕ್ತಿ ಹೆಚ್ಚಿಸಹೊರಟವರು ಮೊದಲು ಗಮನ ಕೊಡಬೇಕಾದದ್ದು ಬೂಸ್ಟಿಗಲ್ಲ, ಇಂಧನದ ಪಂಪು, ಇಂಜೆಕ್ಟರುಗಳಿಗೆ. 1 ಕಿಲೊ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಕಬ್ಬಿನಿಂದಲೂ ತಯಾರಾಗುವ ಎಥನಾಲಿಗೆ 9 ಕಿಲೊ ಸಾಕು. ಅಂದರೆ ಅಷ್ಟೇ ಗಾಳಿಗೆ ಎಥನಾಲ್ ಹೆಚ್ಚು ಸುರಿಯಬೇಕು. ಈಗ ಬಂಕಿನಲ್ಲಿ ಸಿಗುವ ಶೇ. 20ರ ಮಿಶ್ರಣಕ್ಕೂ ಈ ಲೆಕ್ಕ ತಪ್ಪಿದ್ದಲ್ಲ. ಎಂಜಿನ್ ನಿಯಂತ್ರಿಸುವ ಇಸಿಯು ಸರಿದೂಗಿಸುತ್ತದಲ್ಲ ಎನ್ನುವವರಿದ್ದಾರೆ. ಇಂಜೆಕ್ಟರು ಪೂರ್ತಿ ತೆರೆದೇ ಇದ್ದ ಮೇಲೆ ಅದೇನು ಮಾಡೀತು? ಇಂಧನದ ಒತ್ತಡ ಏರಿಸಿದರೆ ಸಾಕೆಂಬುದೂ ಅರ್ಧ ಮಾತೇ: ಒತ್ತಡ ಇಮ್ಮಡಿಯಾದರೂ ಇಂಜೆಕ್ಟರಿನ ಹರಿವು ಏರುವುದು ಶೇ. 41ರಷ್ಟು ಮಾತ್ರ, ಪಂಪಿನ ಮೇಲೆ ಹೊರೆ ಬೇರೆ. ಸವದತ್ತಿಯ ಯಲ್ಲಮ್ಮನ ಗುಡ್ಡದ ಏರಿನಲ್ಲಿ, ಪೂರ್ಣ ಬೂಸ್ಟಿನಲ್ಲಿ ಇಂಧನ ಕಡಿಮೆಬಿದ್ದರೆ ಪಿಸ್ಟನ್ನೇ ಕರಗೀತು. ದೊಡ್ಡ ಟರ್ಬೊಗೆ ಹಣ ಕೊಡುವ ಮೊದಲು ಪಂಪು, ಇಂಜೆಕ್ಟರು ಎರಡನ್ನೂ ಬದಲಿಸಿಕೊಳ್ಳಿ.