ಕಡಲಿನ ಪ್ರಿಂಟ್ ಅಂದ್ರೆ ಬರೀ ಲಂಗರು ಅಲ್ಲ ಮಾರಾಯ್ರೇ

ಸ್ಕೆಚ್‌ಬುಕ್ ಸರಣಿ, ಭಾಗ 6

ಯಾವ ಬಟ್ಟೆ ಅಂಗಡಿಗೆ ಬೇಕಾದ್ರೂ ಹೋಗಿ 'ಬೀಚ್ ಪ್ರಿಂಟ್ ತೋರಿಸಿ' ಅಂತ ಕೇಳಿ. ನೀಲಿ-ಬಿಳಿ ಪಟ್ಟೆ, ಲಂಗರು, ನಕ್ಷತ್ರಮೀನು. ಮುಗೀತು. ಆ ಪಟ್ಟೆ ಚೆಂದವೇ, ಇಲ್ಲ ಅನ್ನಲ್ಲ. ಆದ್ರೆ ಅದು 1858ರಲ್ಲಿ ಫ್ರಾನ್ಸಿನ ನೌಕಾಪಡೆ ತನ್ನ ನಾವಿಕರ ಅಂಗಿಗೆ ಗೊತ್ತು ಮಾಡಿದ ಪಟ್ಟೆ. ಮಲ್ಪೆ, ಮರವಂತೆ, ಕಾರವಾರ ಇರುವ ನಮಗೆ ಕಡಲು ಬಿಡಿಸ್ಲಿಕ್ಕೆ ಅದೇ ಬೇಕಾ? ನನ್ನ ಪ್ರಕಾರ ಬೇಡ.

ಇಳಿತದ ಹೊತ್ತಿಗೆ ಬೀಚಿಗೆ ಹೋಗಿ, ಕೆಳಗೆ ನೋಡಿ. ಪುಟ್ಟ ಏಡಿ ಮರಳಿಂದ ಆಹಾರ ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಬಿಲದ ಸುತ್ತ ಹರಡಿಟ್ಟಿರ್ತದೆ. ಪಕ್ಕಾ ಬುಟ್ಟಾ ಡಿಸೈನ್! ಬಂಗುಡೆಯ ಬೆನ್ನಲ್ಲಿ ಉದ್ದುದ್ದ ಗೆರೆ ಇದೆ. ಸೇಂಟ್ ಮೇರಿಸ್ ದ್ವೀಪದ ಲಾವಾ ಕಂಬಗಳಲ್ಲಿ ಐದು ಮೂಲೆ, ಆರು ಮೂಲೆಯ ಆಕಾರ ಇದೆ. ಬಲೆಯ ಕಣ್ಣು ಸಡಿಲ ಇದ್ದಾಗ ಒಂದು ತರ, ಎಳೆದಾಗ ಇನ್ನೊಂದು ತರ.

ಇವನ್ನೆಲ್ಲ ಫೋಟೋ ತರ ಬಿಡಿಸ್ಬೇಡಿ. ಬರೀ ಗುರುತು ಮೂಡಿಸಿ. ಡಿಸೈನ್ ಓದುವವರು ಇದಕ್ಕೆ ಮಾರ್ಕ್ ಮೇಕಿಂಗ್ ಅಂತಾರೆ. ದುಬಾರಿ ಬ್ರಶ್ ಬೇಡ. ಹಿಡಿಸೂಡಿ ಕಡ್ಡಿಯನ್ನು ಇಂಕಿಗೆ ಅದ್ದಿ ಗೀರಿ. ತೆಂಗಿನ ನಾರಿನ ಹಗ್ಗಕ್ಕೆ ಬಣ್ಣ ಹಚ್ಚಿ ಕಾಗದದ ಮೇಲೆ ಉರುಳಿಸಿ. ದಕ್ಕೆಯಲ್ಲಿ ಕೇಳಿ ಹರಿದ ಬಲೆಯ ತುಂಡು ತನ್ನಿ, ಅದನ್ನಿಟ್ಟು ಸ್ಪಂಜಲ್ಲಿ ಬಣ್ಣ ಒತ್ತಿ. ಮೇಣದಬತ್ತಿಯಲ್ಲಿ ಗೀಚಿ ಮೇಲೆ ವಾಟರ್ ಕಲರ್ ಎಳೆದ್ರೆ, ಮೇಣ ಇದ್ದಲ್ಲಿ ಬಣ್ಣ ಹಿಡಿಯೋದಿಲ್ಲ. ತೆರೆಯ ನೊರೆ ರೆಡಿ.

ಈಗ ಪ್ಯಾಟರ್ನ್. ಗುರುತುಗಳು ಕಾಗದದ ಅಂಚು ಮುಟ್ಟದ ಹಾಗೆ ನಡುವೆ ಇರಲಿ. ಕಾಗದವನ್ನು ಉದ್ದಕ್ಕೆ ಕತ್ತರಿಸಿ ಎಡ-ಬಲ ಅದಲು ಬದಲು ಮಾಡಿ ಅಂಟಿಸಿ. ಆಮೇಲೆ ಅಡ್ಡಕ್ಕೆ ಕತ್ತರಿಸಿ ಮೇಲೆ-ಕೆಳಗೆ ಅದೇ ರೀತಿ ಮಾಡಿ. ನಡುವೆ ಖಾಲಿಯಾದ ಜಾಗ ತುಂಬಿಸಿದ್ರೆ, ಪಕ್ಕಪಕ್ಕ ಎಷ್ಟು ಸಲ ಇಟ್ಟರೂ ಜೋಡಣೆ ಕಾಣೋದಿಲ್ಲ.

ಇಲ್ಲಿಗೇ ನಿಲ್ಲಿಸ್ಬೇಡಿ. ಅದನ್ನು ಮೈಮೇಲೆ ಹಾಕಿ ನೋಡಿ, ಅಂದ್ರೆ ಫ್ಯಾಶನ್ ಇಲಸ್ಟ್ರೇಶನ್ ಮಾಡಿ. ಪುಸ್ತಕದಲ್ಲಿರುವ ಒಂಬತ್ತು ತಲೆ ಎತ್ತರದ ಫಿಗರ್ ನಂಬ್ಬೇಡಿ, ಅಷ್ಟು ಉದ್ದದವರು ನಮ್ಮ ಬಸ್ಸಲ್ಲಿ ಯಾರೂ ಸಿಗಲ್ಲ. ಮೀನು ಮಾರ್ಕೆಟಿಗೆ ಬರುವ ಅಕ್ಕನ ಸೀರೆ ಬಿಡಿಸಿ. ಹಾಳೆ ಮೇಲೆ ಸೂಪರ್ ಕಂಡ ದೊಡ್ಡ ಷಡ್ಭುಜ ನೆರಿಗೆಯೊಳಗೆ ಮಾಯ ಆಗ್ತದೆ. ಏಡಿಯ ಉಂಡೆ ಮಾತ್ರ ನೆರಿಗೆಯಲ್ಲೂ ಉಳೀತದೆ. ಅಳತೆ ಸರಿಯಾ ಅಂತ ಗೊತ್ತಾಗೋದು ಆಗಲೇ.

'ಬಿಕಾಂ ಓದುವವಳಿಗೆ ಇದೆಲ್ಲ ಯಾಕೆ?' ಅಂತ ಕೇಳ್ತೀರಲ್ಲ, ಕಾಸ್ಟಿಂಗ್ ಲೆಕ್ಕದಲ್ಲೇ ಉತ್ತರ ಇದೆ. ಡೌನ್‌ಲೋಡ್ ಮಾಡಿದ ಲಂಗರನ್ನು ನೀವು 20 ದುಪಟ್ಟಾಕ್ಕೆ ಪ್ರಿಂಟ್ ಮಾಡಿಸಿದ್ರೆ, ಅದೇ ಲಂಗರನ್ನು ದೊಡ್ಡ ಮಿಲ್ ಸಾವಿರಾರು ಮೀಟರ್ ಹೊಡೆದು ನಿಮ್ಮ ಅರ್ಧ ರೇಟಿಗೆ ಮಾರ್ಬಹುದು. ರೇಟಲ್ಲಿ ಗೆಲ್ಲೋದು ಕಷ್ಟ. ನಿಮ್ಮ ಹತ್ರ ಮಾತ್ರ ಇರುವ ಗುರುತಿದ್ರೆ ಆಟವೇ ಬೇರೆ. ಸ್ಕ್ರೀನ್ ಪ್ರಿಂಟಿಂಗಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು, ಹಾಗಾಗಿ ಎರಡೇ ಬಣ್ಣದಲ್ಲಿ ಶುರು ಮಾಡಿ.

ಇನ್ನೊಂದು ಮಾತು, ಸೇವ್ ಮಾಡಿಟ್ಕೊಳ್ಳಿ. 2000ದ ಡಿಸೈನ್ಸ್ ಕಾಯ್ದೆಯಲ್ಲಿ ಹೊಸ ವಿನ್ಯಾಸ ನೋಂದಾಯಿಸಿದ್ರೆ 10 ವರ್ಷ ಹಕ್ಕು ಸಿಗ್ತದೆ, ಮತ್ತೆ 5 ವರ್ಷ ಮುಂದುವರಿಸ್ಬಹುದು. ಆದ್ರೆ ಮೊದಲೇ ಪ್ರಕಟವಾದದ್ದು ಕಾಯ್ದೆಯ ಕಣ್ಣಲ್ಲಿ 'ಹೊಸದು' ಅಲ್ಲ. ಮಾರುವ ಯೋಚನೆ ಇದ್ರೆ ಅರ್ಜಿ ಮೊದಲು, ಪೋಸ್ಟ್ ಆಮೇಲೆ. ಲೈಕ್ ಎಲ್ಲಿಗೂ ಓಡಿಹೋಗಲ್ಲ.

ನಿಮ್ಮ ಊರಿನ ಕಡಲಲ್ಲಿ, ಹೊಳೆಯಲ್ಲಿ ಯಾವ ಗುರುತು ಕಾಣ್ತದೆ? ಕಮೆಂಟಲ್ಲಿ ಬರೀ ಮಾತಲ್ಲಿ ಹೇಳಿ. ಚಿತ್ರ ಸದ್ಯಕ್ಕೆ ನಿಮ್ಮ ಹತ್ರವೇ ಇರಲಿ.

#ಕಡಲಗುರುತು #ಸ್ಕೆಚ್‌ಬುಕ್‌ಸರಣಿ #ಕರಾವಳಿ