ಸಣ್ಣ ಮ್ಯಾಗ್ನಂ ಎಂಬ ಶೋಕಿ

ಮೊದಲೇ ಹೇಳಿಬಿಡ್ತೀನಿ, ಸಣ್ಣ ರಿವಾಲ್ವರಿನಲ್ಲಿ ಮ್ಯಾಗ್ನಂ ಗುಂಡು ಬೇಕು ಅನ್ನೋದು ಶುದ್ಧ ಶೋಕಿ. ದಾವಣಗೆರೆಯಲ್ಲಿ ಬೆಣ್ಣೆದೋಸೆ ಮುರೀತಾ ಈ ಚರ್ಚೆ ಮಾಡೋ ಗೆಳೆಯರು ನನಗೂ ಇದ್ದಾರೆ. ಕೆಲವರು ಸೈಟು ಮಾರಿ ದುಡ್ಡು ಕಂಡವರು, ಕೆಲವರು ನನ್ನ ಹಾಗೇ ಬಿಇ ಮಾಡಿದವರು. "ಸಣ್ಣದಾದ್ರೆ ಶರ್ಟಿನೊಳಗೆ ಗೊತ್ತಾಗಲ್ಲ ಗುರೂ, ಪವರ್ ಮಾತ್ರ ಅದೇ" ಅಂತಾರೆ.

ಅದೇ ಅಲ್ಲ. ಫಸ್ಟ್ ಇಯರ್ ಫಿಸಿಕ್ಸ್ ನೆನಪು ಮಾಡ್ಕೊಳ್ಳಿ. .357 ಮ್ಯಾಗ್ನಂ ಗುಂಡಿನ ತೂಕ ಸುಮಾರು 10 ಗ್ರಾಂ, ಉದ್ದ ನಳಿಗೆಯಿಂದ ಸೆಕೆಂಡಿಗೆ 380 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಕೈಯಲ್ಲಿರೋದು ಒಂದು ಕೆಜಿಯದಾದರೆ ಅದು ವಾಪಸ್ ಒದೆಯೋದು ಏಳೂವರೆ ಜೌಲ್. ಅದೇ ಗುಂಡು ಅದೇ ವೇಗದಲ್ಲಿ ಅರ್ಧ ಕೆಜಿಯದರಿಂದ ಹೋದರೆ ಒದೆತ ಹದಿನೈದು. ಮದ್ದಿನ ಗಾಳಿಯ ಲೆಕ್ಕ ಬೇರೆ. ನಳಿಗೆ ಗಿಡ್ಡ ಆದರೆ ಗುಂಡಿನ ವೇಗ ಇಳಿಯುತ್ತದೆ, ಮಿಕ್ಕ ಮದ್ದು ಹೊರಗಡೆ ಬೆಂಕಿಯಾಗಿ, ಸದ್ದಾಗಿ ಹಾಳಾಗುತ್ತದೆ. ಸಾಮಾನ್ಯವಾಗಿ ಗುಂಡೂ ಆರರ ಬದಲು ಐದೇ. 1935ರಲ್ಲಿ ಸ್ಮಿತ್ ಅಂಡ್ ವೆಸನ್‌ನವರು ಈ ಗುಂಡು ತಂದಾಗ ಅದನ್ನ ತಮ್ಮ ದೊಡ್ಡ ಫ್ರೇಮಿಗೇ ಹಾಕಿದ್ದು ಸುಮ್ಮನೆ ಅಲ್ಲ.

ಹಾಗಾದ್ರೆ ದೊಡ್ಡದೇ ತಗೊಳ್ಳೋದಾ? ಎರಡರಲ್ಲಿ ಒಂದು ಅಂದರೆ ಹೌದು, ಕನಿಷ್ಠ ಗುರಿಯಾದರೂ ನಿಲ್ಲುತ್ತದೆ. ಆದರೆ ಏಪ್ರಿಲ್ ಬಿಸಿಲಲ್ಲಿ ಒಂದು ಕೆಜಿಗಿಂತ ಹೆಚ್ಚಿನ ಕಬ್ಬಿಣ ಸೊಂಟಕ್ಕೆ ಕಟ್ಟಿಕೊಂಡು ಬೈಕಿನಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬನ್ನಿ. ತಿಂಗಳೊಳಗೆ ಅದು ಬೀರು ಸೇರುತ್ತೆ.

ಎರಡಕ್ಕೂ ಬೇಕಾದದ್ದು ಅಭ್ಯಾಸ, ಅದೇ ಇಲ್ಲಿ ಆಗದ ಮಾತು. ಜನಸಾಮಾನ್ಯರಿಗೆ ವಿದೇಶಿ ಬಂದೂಕಿನ ಆಮದು 80ರ ದಶಕದಿಂದಲೇ ಬಂದ್. ಸಿಗೋ ಮ್ಯಾಗ್ನಂಗಳು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಓಡಾಡೋ ಹಳೇ ಮಾಲು. ಎಷ್ಟು ಗುಂಡು ಇಟ್ಕೋಬಹುದು ಅನ್ನೋದನ್ನ ಲೈಸೆನ್ಸೇ ಹೇಳುತ್ತೆ. ಅಷ್ಟರಲ್ಲಿ ಅಭ್ಯಾಸಕ್ಕೆ ಎಷ್ಟು ಖರ್ಚು ಮಾಡ್ತೀರಿ? ಕಾನ್ಪುರದಲ್ಲಿ ತಯಾರಾಗೋ .32 ಇದೆಯಲ್ಲ, 2014ರಲ್ಲಿ ಬಂದ ನಿರ್ಭೀಕ್ 500 ಗ್ರಾಂ, ಆಗಿನ ಬೆಲೆ 1.22 ಲಕ್ಷ, ಅದರ ಗುಂಡಿನ ಬಲ ಮ್ಯಾಗ್ನಂನ ಕಾಲುಭಾಗದಷ್ಟು. ಹಗುರ ರಿವಾಲ್ವರಿಗೆ ಸರಿಹೊಂದೋದು ಅಂಥದೇ. "ಅದ್ರಲ್ಲಿ ಬೆಕ್ಕೂ ಸಾಯಲ್ಲ" ಅಂತ ನಗೋರು ಅದನ್ನೂ ಒಂದು ಸಲ ಹಾರಿಸಿದವರಲ್ಲ.

ಇನ್ನು ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತೆ? ನಮ್ಮ ಬಡಾವಣೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ನಿಮ್ಮ ಕಿಟಕಿ ದಾಟಿದರೆ ಎದುರಿಗೆ ಪಕ್ಕದ ಮನೆ ಮಕ್ಕಳು ಓದೋ ರೂಮು.

ನಮ್ಮೂರಲ್ಲಿ ದೊಡ್ಡಪ್ಪನ ಹತ್ರ ಲೈಸೆನ್ಸಿನ ಒಂಟಿ ನಳಿಗೆ ಬಂದೂಕು ಇತ್ತು. ಮೆಕ್ಕೆಜೋಳಕ್ಕೆ ಹಂದಿ ಬಿದ್ದಾಗ ಹೆದರಿಸೋಕೆ ಹಾರಿಸೋರು. ಎಲೆಕ್ಷನ್ ಬಂದರೆ ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತರೋರು. ಯಾರಿಗೂ ತೋರಿಸ್ತಿರಲಿಲ್ಲ. ಪಿಕಾಸಿ ಇಟ್ಟ ಮೂಲೆಯಲ್ಲೇ ಅದೂ ಇರ್ತಿತ್ತು. ಯಾಕೆ ಬೇಕು ಅಂತ ಕೇಳಿದರೆ ಅವರ ಹತ್ರ ಒಂದು ಪದದ ಉತ್ತರ ಇತ್ತು, ಹಂದಿ.

ಅರ್ಜಿಯಲ್ಲಿ ಕಾರಣ ಬರೀಬೇಕಲ್ಲ, ಏನಂತ ಬರೀತೀಯೋ ಅಂತ ನಮ್ಮ ಗೆಳೆಯನನ್ನ ಕೇಳಿದೆ. "ಅದನ್ನೆಲ್ಲ ಫಾರಂ ತುಂಬೋನು ನೋಡ್ಕೊತಾನೆ ಬಿಡೋ" ಅಂದ.